ಹೆಂಗಸರ ಬಾಗಿಲಲ್ಲಿ ನಿಂತವಳು

ಪೊಲೀಸ್ ಕೆಲಸಕ್ಕೆ ಈಗಷ್ಟೇ ಸೇರಿರುವ ಹೆಣ್ಣುಮಕ್ಕಳೇ, ತರಬೇತಿ ಶಾಲೆಯಲ್ಲಿ ನಿಮಗೆ ರೈಫಲ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಾರೆ. ಓಡಿಸುತ್ತಾರೆ, ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಆದರೆ ನೌಕರಿಯ ಅರ್ಧ ಆಯುಷ್ಯ ನೀವು ಕಳೆಯುವುದು ಬೇರೆ ಕಡೆ. ಯಾವುದೋ ಮಠದ, ದರ್ಗಾದ, ಚರ್ಚಿನ ಹೆಂಗಸರ ಬಾಗಿಲಲ್ಲಿ. ಒಳಗೆ ದೇವರು, ಹೊರಗೆ ಚಪ್ಪಲಿ, ನಡುವೆ ನೀವು. ಬರುವ ಪ್ರತಿಯೊಬ್ಬಳ ಮೈಮೇಲೂ ಕೈಯಾಡಿಸಿ ಒಳಗೆ ಬಿಡಬೇಕು. ಅದನ್ನು ಹೇಗೆ ಮಾಡಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಬಾಗಿಲುಗಳಲ್ಲಿ ನಿಂತು ನಿಂತು ಕಲಿತೆ. ಅದನ್ನಷ್ಟೇ ಬರೆಯುತ್ತೇನೆ. ಯಾವಾಗ ಹವಾಲ್ದಾರಳಾದೆ, ಹೆಗಲ ಮೇಲೆ ನಕ್ಷತ್ರ ಯಾವಾಗ ಬಂತು ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ, ಅಲ್ಲೇ ಇರಲಿ.

ನನ್ನ ಹೆಸರು ಮಾಬುಬಿ ನದಾಫ್, ಬಿ.ಎ. ಆ ಬಿ.ಎ. ಬರೆಯದೆ ನಾನು ಎಲ್ಲಿಯೂ ಹೆಸರು ಬರೆದವಳಲ್ಲ. ನಗುವವರು ನಗಲಿ. ನಮ್ಮಪ್ಪ ಗೊಳಸಂಗಿಯಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವವನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಗಾದಿ ತುಂಬುವ ಅಪ್ಪನ ಪಕ್ಕದಲ್ಲಿ ಕೂತು ಓದಿದೆ, ಬಾಗೇವಾಡಿಯ ಬಸ್ಸಿನಲ್ಲಿ ನಿಂತು ಓದಿದೆ. ಅಪ್ಪ ಓದಬೇಡ ಎನ್ನಲಿಲ್ಲ, ಒಂದು ಮಾತು ಮಾತ್ರ ಹೇಳುತ್ತಿದ್ದ. "ಓದೂದ ಓದು, ಆದ್ರ ಕೈ ಮರೀಬ್ಯಾಡ."

ಕೈ ಎಂದರೆ ಏನೆಂದು ಹೇಳಬೇಕು. ಹಿಂಜಿದ ಅರಳೆಯಲ್ಲಿ ಒಂದು ಹತ್ತಿಕಾಳು ಉಳಿದರೂ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಅಂಗೈಯನ್ನು ಅರಳೆಯ ಮೇಲೆ ಹಗುರವಾಗಿ ಇಟ್ಟು, ಒತ್ತದೆ, ಸರಿಸುತ್ತ ಹೋಗಬೇಕು. ಕಾಳು ತಾನಾಗಿಯೇ ಅಂಗೈಗೆ ಬಂದು ಮುಟ್ಟುತ್ತದೆ. ನಾನು ಎಷ್ಟು ಪಿಸ್ತೂಲು, ಚಾಕು ಹಿಡಿದೆನೋ ಅವೆಲ್ಲ ಈ ಕೈಯಲ್ಲಿ ಹಿಡಿದದ್ದು. ಬಿ.ಎ. ನನಗೆ ನೌಕರಿ ಕೊಡಿಸಿತು, ಅರಳೆ ನೌಕರಿ ಮಾಡಿಸಿತು.

ಮೊದಲ ಠಾಣೆ ಇಂಡಿ. ಭೀಮಾ ನದಿಯ ದಂಡೆಯ ಹಳ್ಳಿಗಳಲ್ಲಿ ಆಗ ಮನೆತನಗಳ ನಡುವೆ ಹಗೆ ಇತ್ತು, ಈಗಲೂ ಅಲ್ಲಲ್ಲಿ ಇದೆ. ಹೊಲ ಇದ್ದವರು ಲೈಸನ್ಸಿನ ರಿವಾಲ್ವರ್ ಇಟ್ಟುಕೊಂಡಿದ್ದರು, ಇಲ್ಲದವರು ನಾಡಪಿಸ್ತೂಲು. ಸಂತೆಗೆ ಒಯ್ಯುತ್ತಾರೆ, ಮದುವೆಗೆ ಒಯ್ಯುತ್ತಾರೆ ಎಂಬುದು ಗೊತ್ತಿತ್ತು. ದೇವರ ಮುಂದೆಯೂ ಒಯ್ಯುತ್ತಾರೆ ಎಂದು ಗೊತ್ತಾದಾಗ ನನಗೆ ನಂಬಲಾಗಲಿಲ್ಲ. ಒಮ್ಮೆ ಒಬ್ಬ ದೊಡ್ಡ ಹಿಡುವಳಿಯ ಗೌಡರನ್ನು ಕೇಳಿಯೇಬಿಟ್ಟೆ.

"ಗೌಡ್ರ, ಸಂತ್ಯಾಗ ಬೇಕ್ರಿ, ಒಪ್ಪತೇನಿ. ದೇವ್ರ ಮುಂದ ಯಾಕ್ರಿ ಅದು?"

ಗೌಡರು ನಗಲಿಲ್ಲ. "ಸಂತ್ಯಾಗ ಕಣ್ ತಕ್ಕೊಂಡ ಇರ್ತೇನಿ ಬಾಯಾರ. ದೇವ್ರ ಮುಂದ ಕಣ್ ಮುಚ್ಚಬೇಕಾಗ್ತೈತಿ. ಮುಚ್ಚಿದಾಗ ಯಾವಂವ ಬಾಜೂಕ ಬಂದ್ ನಿಲ್ತಾನೋ, ಯಾರಿಗ್ಗೊತ್ತು?"

ಅಷ್ಟು ವರ್ಷ ನಾನು ನಮಾಜಿನಲ್ಲಿ ಹಣೆ ನೆಲಕ್ಕೆ ಹಚ್ಚಿದ್ದೆ, ಬೆನ್ನಿನ ಹಿಂದೆ ಯಾರಿದ್ದಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಪ್ರಾರ್ಥನೆ ಎಂದರೆ ಎಷ್ಟು ದೊಡ್ಡ ಧೈರ್ಯ ಎಂಬುದು ನನಗೆ ಆ ದಿನ ತಿಳಿಯಿತು. ಅಂದಿನಿಂದ ನಾನು ನಿಂತ ಬಾಗಿಲು ನನಗೆ ಬೇರೆಯಾಗಿಯೇ ಕಂಡಿತು. ಒಳಗಿನವರೆಲ್ಲ ಕಣ್ಣು ಮುಚ್ಚಿಕೊಳ್ಳಲಿ ಎಂದು ಕಣ್ಣು ತೆರೆದಿಟ್ಟುಕೊಂಡು ನಿಲ್ಲುವ ಒಬ್ಬಳು ಬೇಕು, ಆ ಒಬ್ಬಳು ನಾನು.

ಬಗಲಲ್ಲಿ ಪಿಸ್ತೂಲು ಇಟ್ಟುಕೊಂಡವನನ್ನು ಗುರುತಿಸುವುದು ಕಷ್ಟವಲ್ಲ. ಅವನು ಚಕ್ಕಳಬಕ್ಕಳ ಹಾಕಿ ಕೂರುವುದಿಲ್ಲ, ಒಂದು ಕಾಲು ಚಾಚುತ್ತಾನೆ. ಸಭೆಯ ನಡುವೆ ಕೂರದೆ ಕಂಬಕ್ಕೆ ಬೆನ್ನು ಕೊಡುತ್ತಾನೆ. ಎಲ್ಲರೂ ದೇವರನ್ನು ನೋಡುವಾಗ ಅವನು ಬಾಗಿಲನ್ನು ನೋಡುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ಮುದ್ದೇಬಿಹಾಳದ ಕಡೆ ಒಂದು ಸಣ್ಣ ದರ್ಗಾದ ಉರುಸಿಗೆ ನನ್ನನ್ನು ಹಾಕಿದ್ದರು. ಅಲ್ಲಿ ಹೊರಗಿನ ಗೋಡೆಗೆ ಸಾಲಾಗಿ ಕಟ್ಟಿಗೆಯ ಗೂಟ. ಟೋಪಿ, ರುಮಾಲು ಹಾಕಲಿಕ್ಕೆ ಇರಬೇಕು ಎಂದುಕೊಂಡೆ. ಸಂಜೆಯ ಹೊತ್ತಿಗೆ ನೋಡಿದರೆ ಒಂದು ಗೂಟಕ್ಕೆ ಕೊಡಲಿ, ಇನ್ನೊಂದಕ್ಕೆ ಜಂಬೆ ಎಂಬ ಬಾಗಿದ ಚೂರಿ, ಮತ್ತೊಂದಕ್ಕೆ ತೊಗಲಿನ ಚೀಲದಲ್ಲಿ ರಿವಾಲ್ವರ್. ದರ್ಗಾದ ಮುಜಾವರ, ಎಂದರೆ ಪೂಜೆ ನೋಡಿಕೊಳ್ಳುವ ಮುದುಕ, ಬಾಗಿಲಲ್ಲಿ ಕೂತು ಬೆಲ್ಲ ಹಂಚುತ್ತಿದ್ದ.

"ಕಾಕಾ, ಇವನ್ನ ಯಾರ ಕಾಯ್ತಾರ?"

"ಯಾಕ ಕಾಯಬೇಕವಾ?"

"ಯಾರಾರ ತಗೊಂಡ ಹೋದ್ರ?"

"ತನ್ನ ಗೂಟದ್ದ ತಾನ ತಗೊಂಡ ಹೋಗ್ತಾನ. ಬ್ಯಾರೇದವನ ಗೂಟಕ್ಕ ಕೈ ಹಚ್ಚಿದ್ರ ಅವಂಗ ಮನಿಯಾಗ ಹೆಂಡ್ತಿ ರೊಟ್ಟಿ ಬಡದ್ ಹಾಕಂಗಿಲ್ಲ. ನೀ ಬೆಲ್ಲ ತಿನ್ನು."

ನಾನು ರಿವಾಲ್ವರಿನ ಗುಂಡುಗಳನ್ನು ತೆಗೆಸಿ ಠಾಣೆಗೆ ವಿಷಯ ಮುಟ್ಟಿಸಿದೆ. ಕಾನೂನು ಕಾನೂನೇ. ಆದರೆ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಯಾವನೂ ಹೇಳದೆ, ಯಾವನೂ ತಡೆಯದೆ, ಅಷ್ಟೊಂದು ಗಂಡಸರು ತಮ್ಮ ಹೆದರಿಕೆಯನ್ನು ಬಿಚ್ಚಿ ಗೂಟಕ್ಕೆ ಹಾಕಿ ಬರಿಗೈಯಲ್ಲಿ ಒಳಗೆ ಹೋಗಿದ್ದರು.

ಈಗ ಉಡಿಯ ವಿಷಯ. ಇದನ್ನು ಬಿಟ್ಟರೆ ನನ್ನ ನೌಕರಿಯಲ್ಲಿ ಹೇಳುವಂಥದ್ದು ಏನೂ ಇಲ್ಲ.

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿದೇ ಕಳಿಸುವುದಿಲ್ಲ. ಅವಳು ಸೆರಗನ್ನು ಮುಂದೆ ಚಾಚಿ ಹಿಡಿಯುತ್ತಾಳೆ, ಅದೇ ಉಡಿ. ಅದರಲ್ಲಿ ಐದು ಬೊಗಸೆ ಕಾಳು, ಒಂದು ಕುಪ್ಪಸದ ಕಣ, ಕೊಬ್ಬರಿ ಬಟ್ಟಲು ಹಾಕುತ್ತಾರೆ. ಲಿಂಗಾಯತರ ಮನೆಯಲ್ಲಿ, ನಮ್ಮ ಮನೆಗಳಲ್ಲಿ, ಕ್ರಿಶ್ಚಿಯನ್ನರ ಮನೆಯಲ್ಲಿ, ಎಲ್ಲ ಕಡೆಯೂ ಇದೆ. ಧರ್ಮ ಬೇರೆಯಾದರೂ ಉಡಿ ಬೇರೆಯಾಗಿಲ್ಲ. ತುಂಬಿದ ಉಡಿಗೆ ಯಾರೂ ಕೈ ಹಾಕುವಂತಿಲ್ಲ. ಗಂಡನೂ ಹಾಕುವುದಿಲ್ಲ.

ಬಸವನ ಬಾಗೇವಾಡಿಯ ಒಂದು ಮಠದಲ್ಲಿ ಶ್ರಾವಣದ ಪ್ರವಚನ ನಡೆದಿತ್ತು. ಗಂಡಸರ ಬಾಗಿಲಲ್ಲಿ ಬಿಗಿ ತಪಾಸಣೆ. ಹೆಂಗಸರ ಬಾಗಿಲಲ್ಲಿ ನಾನು. ಇಳಕಲ್ ಸೀರೆಯ ಒಬ್ಬ ದೊಡ್ಡ ಮನೆತನದ ಅವ್ವ ಉಡಿ ತುಂಬಿಕೊಂಡು ಬಂದರು. ಪಕ್ಕದಲ್ಲಿ ಹಾದುಹೋಗುವಾಗ ನನ್ನ ಮುಂಗೈ ಅವರ ಉಡಿಗೆ ತಾಗಿತು. ಕೊಬ್ಬರಿಯಷ್ಟು ದುಂಡಗಿಲ್ಲ, ತೆಂಗಿನಕಾಯಿಯಷ್ಟು ದೊಡ್ಡದಿಲ್ಲ. ತಣ್ಣಗಿದೆ.

"ಅವ್ವಾರ, ಇದೇನ್ರಿ ಒಳಗ?"

"ನಮ್ಮ ಮನಿಯವರದವಾ," ಎಂದರು ಏನೂ ಮುಚ್ಚಿಡದೆ. "ಗಂಡಸರ ಬಾಗಲ್ದಾಗ ನಿಮ್ಮ ಮಂದಿ ತಪಾಸಣಿ ಮಾಡಾಕತ್ತಾರಲ್ಲ, ಅದಕ್ಕ ನನ್ನ ಉಡ್ಯಾಗ ಹಾಕಿದ್ರು. ಒಳಗ ಹೋಗಿ ಕೊಡ್ತೇನಿ."

ಟಿಫಿನ್ ಡಬ್ಬಿಯ ವಿಷಯ ಹೇಳಿದ ಹಾಗೆ ಹೇಳಿದರು.

ರಿವಾಲ್ವರ್ ತೆಗೆಸಿದ್ದಾಯಿತು. ಆದರೆ ದಾವಣಗೆರೆ ಕಡೆಯಿಂದ ಬಂದಿದ್ದ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಕೆಂಡವಾದರು. "ಮಾಬುಬಿ, ಇನ್ನು ಮೇಲೆ ಪ್ರತಿ ಉಡಿಯನ್ನೂ ಲಾಠಿಯಿಂದ ತಿವಿದು ನೋಡಬೇಕು" ಎಂದು ಆರ್ಡರ್ ಕೊಟ್ಟರು. ಪಾಪ, ಅವರು ಕೆಟ್ಟವರಲ್ಲ. ಇಲ್ಲಿಯವರಾಗಿರಲಿಲ್ಲ, ಅಷ್ಟೆ. ಮರುದಿನ ನನ್ನ ಜೊತೆಗಿದ್ದ ಒಬ್ಬಳು ಕಾನ್‌ಸ್ಟೇಬಲ್ ಆರ್ಡರ್ ಪಾಲಿಸಿದಳು. ಒಬ್ಬ ಬಸುರಿ ಹೆಣ್ಣುಮಗಳ ಉಡಿಗೆ ಲಾಠಿ ಮುಟ್ಟಿದ್ದೇ ತಡ, ಹೆಂಗಸರ ಸಾಲು ಸಾಲಾಗಿ ಉಳಿಯಲಿಲ್ಲ. "ಉಡಿಗಿ ಬಡಿಗಿ ಹಚ್ತಿ ಏನಬೇ? ನಿಮ್ಮವ್ವ ನಿನ್ನ ಹಡದಾಳೋ, ಠಾಣೇದಾಗ ಬಿದ್ದಿದ್ದಿ?" ಎಂದು ಒಬ್ಬ ಮುದುಕಿ ಲಾಠಿ ಕಸಿದುಕೊಂಡಳು. ಸಾಹೇಬರು ಓಡಿ ಬಂದರು, ಅವರ ಟೋಪಿ ಹೋಯಿತು. ಪ್ರವಚನ ನಿಂತಿತು.

ಆ ಗದ್ದಲದಲ್ಲಿ ನನಗೆ ಅದು ಹೇಗೆ ಹೊಳೆಯಿತೋ ಗೊತ್ತಿಲ್ಲ. ಮಠದ ಅಡುಗೆಮನೆಯಿಂದ ಒಂದು ಅಗಲವಾದ ಬುಟ್ಟಿ ತರಿಸಿ ಬಾಗಿಲಲ್ಲಿ ಇಟ್ಟುಕೊಂಡು ಕೂತೆ. ಆ ಬಸುರಿಯನ್ನೇ ಮೊದಲು ಕರೆದೆ. "ಬಾ ತಂಗಿ. ಉಡಿ ಇದರಾಗ ಸುರುವು. ನಾ ಹೊಳ್ಳಿ ತುಂಬ್ತೇನಿ."

ಅವಳು ನನ್ನ ಖಾಕಿ ನೋಡಿದಳು, ಹೆಸರಿನ ಪಟ್ಟಿ ನೋಡಿದಳು. ಉಡಿ ಸುರಿದಳು. ನಾನು ಎದ್ದು ನಿಂತು, ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು, ಐದು ಬೊಗಸೆ ತುಂಬಿದೆ. ಸಾಲು ತಾನಾಗಿಯೇ ನೆಟ್ಟಗಾಯಿತು. ಸುರಿಯುವಾಗ ಕಾಳಿನ ಜೊತೆಗೆ ಬೇರೆ ಏನಾದರೂ ಬಿದ್ದರೆ ಸದ್ದಾಗುತ್ತದೆ. ತುಂಬುವಾಗ ನನ್ನ ಕೈ ಸೆರಗಿನ ಒಳಹೊರಗು ನೋಡಿಬಿಡುತ್ತದೆ. ತಪಾಸಣೆಯೂ ಆಯಿತು, ಮರ್ಯಾದೆಯೂ ಆಯಿತು. ಲಾಠಿ ಕಸಿದಿದ್ದ ಮುದುಕಿ ತನ್ನ ಸರದಿ ಬಂದಾಗ "ಪೊಲೀಸ್ ಬಾಯಿ ಉಡಿ ತುಂಬಿದ್ಲು, ಇನ್ನ ಈ ವಯಸ್ಸಿನ್ಯಾಗೂ ನಾ ಹಡೀತೇನಿ ಬಿಡ್ರೇ" ಎಂದಳು. ಸಾಹೇಬರು ದೂರದಲ್ಲಿ ನಿಂತು ನೋಡಿದರು. ಸಂಜೆ ನನ್ನ ಹತ್ತಿರ ಬಂದು, "ಇದನ್ನು ಯಾವ ಸ್ಟ್ಯಾಂಡಿಂಗ್ ಆರ್ಡರ್ ಅಂತ ಬರೆಯಲಿ?" ಎಂದು ಕೇಳಿದರು. ಬರೆಯಲಿಲ್ಲ, ಆದರೆ ಆಮೇಲೆ ಎಲ್ಲ ಕಡೆ ನನ್ನನ್ನೇ ಕರೆಸತೊಡಗಿದರು.

ಆ ಪದ್ಧತಿಯಲ್ಲಿ ಒಂದು ತೂತು ಉಳಿದಿತ್ತು. ಅದು ನನಗೂ ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ. ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಸಾಲಿನಲ್ಲಿ ವಿಧವೆ ಬಂದರೆ ಉಳಿದವರೇ ಪಕ್ಕಕ್ಕೆ ಸರಿದು ಒಳಗೆ ಬಿಡುತ್ತಿದ್ದರು. ಅವಳ ಉಡಿಯಲ್ಲಿ ಏನೂ ಇರುವುದಿಲ್ಲ ಎಂದು ಇಡೀ ಸೀಮೆ ನಂಬಿತ್ತು.

ಸಿಂದಗಿ ತಾಲೂಕಿನಲ್ಲಿ ಭೀಮೆಯ ಕಡೆಗೆ ಒಂದು ಹಳ್ಳಿ. ಅಲ್ಲೊಂದು ಸಣ್ಣ ಚರ್ಚು, ಕಲ್ಲಿನ ಗೋಡೆ, ತಗಡಿನ ಮಾಡು. ಜನ ನೆಲದ ಮೇಲೆ ಜಮಖಾನೆ ಹಾಸಿ ಕೂರುತ್ತಾರೆ, ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು, ಇಬ್ಬರಿಗೂ ಬೇರೆ ಬೇರೆ ಬಾಗಿಲು. ಆ ಸಭೆಯಲ್ಲಿ ರತ್ನವ್ವ ಎಂಬ ಹೆಣ್ಣುಮಗಳ ಗಂಡ ಹೊಲದ ಬದುವಿನ ಜಗಳದಲ್ಲಿ ಕೊಡಲಿ ಏಟಿಗೆ ಸತ್ತಿದ್ದ. ಆರೋಪ ಬಿದ್ದದ್ದು ಅವನ ದೊಡ್ಡಪ್ಪನ ಮಗ ಯೇಸಪ್ಪನ ಮೇಲೆ. ಸಾಕ್ಷಿ ನಿಲ್ಲಲಿಲ್ಲ, ಕೋರ್ಟು ಬಿಟ್ಟಿತು. ಹೊಲ ಯೇಸಪ್ಪನಿಗೆ ಉಳಿಯಿತು. ಕೇಸು ಮುಗಿಯುವವರೆಗೆ ಠಾಣೆಯಲ್ಲಿದ್ದ ಅವನ ಲೈಸನ್ಸಿನ ರಿವಾಲ್ವರೂ ಅವನ ಕೈಗೆ ಮರಳಿತು. ಸುತ್ತಮುತ್ತ ಇದ್ದದ್ದು ಅದೊಂದೇ ಚರ್ಚು. ರತ್ನವ್ವ, ಯೇಸಪ್ಪ ಇಬ್ಬರ ಅಜ್ಜಂದಿರೂ ಅದಕ್ಕೆ ಕಲ್ಲು ಹೊತ್ತಿದ್ದರು. ಇಬ್ಬರಲ್ಲಿ ಯಾರೂ ಬಿಟ್ಟುಹೋಗಲಿಲ್ಲ. ರತ್ನವ್ವ ಎಡಕ್ಕೆ ಕೂರುತ್ತಿದ್ದಳು. ಯೇಸಪ್ಪ ಬಲಕ್ಕೆ, ಕಂಬಕ್ಕೆ ಬೆನ್ನು ಕೊಟ್ಟು, ಒಂದು ಕಾಲು ಚಾಚಿ, ಬಾಗಿಲು ನೋಡುತ್ತ.

ಸಭೆಯವರಿಗೆ ಹೆದರಿಕೆ ಹತ್ತಿತು. ಕಾವಲಿಗೆ ಒಂದು ತಂಡ ಮಾಡಿದರು. ಸೈನ್ಯದಿಂದ ನಿವೃತ್ತನಾಗಿ ಬಂದಿದ್ದ ದೇವಪ್ಪ ಅದರ ಮುಖಂಡ. ಹುಡುಗರಿಗೆ ಹಸಿರು ಪಟ್ಟಿ, ಸೀಟಿ. ಕಲ್ಯಾಣಮಂಟಪದವರಿಂದ ಬಾಡಿಗೆಗೆ ಒಂದು ಲೋಹಶೋಧಕ ಕೋಲು ತಂದರು. ಅದು ಎಲ್ಲದಕ್ಕೂ ಕಿರುಚುತ್ತಿತ್ತು. ಮೊದಲ ಭಾನುವಾರ ಅವರು ವಶಪಡಿಸಿಕೊಂಡದ್ದು ಒಂದು ರಾಶಿ ಅಡಕೊತ್ತು ಮತ್ತು ಸುಣ್ಣದ ಡಬ್ಬಿಗಳು. ಆರಾಧನೆ ಮುಗಿದ ಮೇಲೆ ಯಾವ ಡಬ್ಬಿ ಯಾರದೆಂದು ಜಗಳವಾಯಿತು, ನಿಜವಾದ ಬಂದೋಬಸ್ತ್ ಬೇಕಾದದ್ದು ಆಗ.

ತಂಡಕ್ಕೆ ತಿಳಿವಳಿಕೆ ಕೊಡಲು ಠಾಣೆಯಿಂದ ನನ್ನನ್ನು ಕಳಿಸಿದರು. ಅಲ್ಲೊಬ್ಬ ಹುರುಪಿನ ಯುವಕ ಮೊಬೈಲ್ ಚಾಚಿದ. ಅದರಲ್ಲಿ ಅಮೆರಿಕದ ಯಾವುದೋ ಚರ್ಚು. ಅಲ್ಲಿ ಆರಾಧನೆಗೆ ಬಂದವರೇ ಕೋಟಿನೊಳಗೆ ಪಿಸ್ತೂಲು ಇಟ್ಟುಕೊಂಡು ಕೂರುತ್ತಾರಂತೆ, ಅವರದೇ ಕಾವಲು ಪಡೆ ಇದೆಯಂತೆ.

"ನಮಗೂ ಲೈಸನ್ಸ್ ಕೊಡಸ್ರಿ ಬಾಯಾರ. ಹತ್ತು ಮಂದಿ ಬಗಲಾಗ ಇಟಗೊಂಡು ಕುಂತ್ರ ಯಾವ ಮಗ ಬರ್ತಾನ ನೋಡೂಣು!"

ನಾನು ಬಾಯಿ ತೆರೆಯುವ ಮೊದಲೇ ದೇವಪ್ಪ ಅಂದ. "ಲೇ ತಮ್ಮಾ, ನಾ ಗಡಿಯಾಗ ಬಂದೂಕ ಹಿಡದ ಕುಂತೇನಿ. ಒಂದ್ ಎಲಿ ಅಲಗಾಡಿದ್ರೂ ಹತ್ತೂ ಬಂದೂಕ ಒಮ್ಮಿಗೇ ಏಳ್ತಾವ. ಇಲ್ಲಿ ಹುಡುಗ್ರು ಮಲಗಿರ್ತಾವ, ಮುದುಕ್ಯಾರು ಕೆಮ್ಮತಾರ. ಯಾರ ಕೆಮ್ಮಿದ್ರಂತ ಯಾರಿಗಿ ಹೊಡಿತಿ?"

ಹುಡುಗ ಮೊಬೈಲ್ ಕಿಸೆಗೆ ಹಾಕಿಕೊಂಡ. ಆದರೆ ದೇವಪ್ಪನಿಗೂ ಒಂದು ಅಳುಕಿತ್ತು. ಗಂಡಸರ ಬಾಗಿಲಲ್ಲಿ ಅವನು ರತ್ನವ್ವನ ಅಣ್ಣತಮ್ಮಂದಿರನ್ನು ತಡಕಾಡುತ್ತಿದ್ದ, ಯೇಸಪ್ಪನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಯೇಸಪ್ಪ ಸಭೆಯ ಹಿರಿಯ. ಚರ್ಚಿನ ತಗಡು ಅವನು ಹಾಕಿಸಿಕೊಟ್ಟದ್ದು. "ಅಂವಗ ಹ್ಯಾಂಗ ಕೈ ಎತ್ತು ಅನ್ಲಿ?" ಎಂದು ನನ್ನ ಮುಂದೆ ತಲೆ ಕೆರೆದುಕೊಂಡ.

ಜೋಳದ ರಾಶಿ ಮುಗಿದ ಮೇಲೆ ಅಲ್ಲಿ ಸುಗ್ಗಿಯ ಆರಾಧನೆ. ಪ್ರತಿ ಮನೆಯ ಹೆಂಗಸು ಹೊಸ ಜೋಳವನ್ನು ಉಡಿಯಲ್ಲಿ ತಂದು ಶಿಲುಬೆಯ ಮುಂದೆ ಸುರಿಯುತ್ತಾಳೆ, ಅಲ್ಲೊಂದು ರಾಶಿಯಾಗುತ್ತದೆ. ಕೋರ್ಟು ತೀರ್ಪಿನ ನಂತರ ಬಂದ ಮೊದಲ ಸುಗ್ಗಿ. ಸಭೆಯವರು ಪೊಲೀಸರನ್ನು ಕೇಳಿಕೊಂಡರು, ನಾನೂ ಒಬ್ಬಳು ಕಾನ್‌ಸ್ಟೇಬಲ್ಲೂ ಹೋದೆವು. ನಾನು ಹೆಂಗಸರ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ನಿಂತೆ. ಒಬ್ಬೊಬ್ಬರೂ ಜೋಳ ಸುರಿಯುವುದು, ನಾನು ಮತ್ತೆ ತುಂಬುವುದು, ಅವರು ಎರಡೂ ಕೈಯಲ್ಲಿ ಉಡಿ ಹಿಡಿದು ಒಳಗೆ ಹೋಗುವುದು. ಒಳಗೆ ಹಾಡು ಶುರುವಾಗಿತ್ತು.

ರತ್ನವ್ವ ಬಂದಳು. ಅವಳ ಮುಂದಿದ್ದ ಮುದುಕಿ ಹಿಂದೆ ನೋಡಿ, "ಅಕೀನ ಬಿಡ್ರಿ ಬಾಯಾರ, ಹೋಗ್ಲಿ. ಅಕಿಗೆಲ್ಲಿ ಉಡಿ?" ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ದಾರಿ ಬಿಡಲು ಅಂದದ್ದು. ನಾನೂ ಬಿಡುತ್ತಿದ್ದೆ. ಆದರೆ ಅವಳ ಸೆರಗಿನಲ್ಲಿ ಜೋಳವಿತ್ತು, ಅವಳ ಮನೆಯ ಪಾಲಿನ ಕಾಣಿಕೆ. ಉಳಿದವರೆಲ್ಲ ಎರಡೂ ಕೈಯಲ್ಲಿ ಹಿಡಿದಿದ್ದರು. ಇವಳು ಎಡಗೈಯಲ್ಲಿ ಮಾತ್ರ. ಬಲಗೈ ಕಾಳಿನೊಳಗೆ ಇತ್ತು.

ನಾನು ಅಂಗೈಯನ್ನು ಅವಳ ಸೆರಗಿನ ಮೇಲೆ ಹಗುರವಾಗಿ ಇಟ್ಟೆ. ಒತ್ತಲಿಲ್ಲ. ಕಾಳಿನ ಕೆಳಗೆ ಅವಳ ಬೆರಳುಗಳು, ಬೆರಳುಗಳ ಒಳಗೆ ಕಬ್ಬಿಣ.

ಈ ಹೊತ್ತಿನಲ್ಲಿ ಏನು ಮಾಡಬೇಕೆಂದು ಪುಸ್ತಕದಲ್ಲಿದೆ. ಕೈ ತಿರುವಿ ನೆಲಕ್ಕೆ ಕೆಡವಬೇಕು, ಸೀಟಿ ಊದಬೇಕು. ನಾನು ತಲೆಯೆತ್ತಿ ಒಳಗೆ ನೋಡಿದೆ. ಕಂಬದ ಬುಡದಿಂದ ಯೇಸಪ್ಪ ನಮ್ಮಿಬ್ಬರನ್ನೇ ನೋಡುತ್ತಿದ್ದ. ಅವನ ಕೈ ಜಾಕೀಟಿನ ಒಳಗಿತ್ತು. ನಾನು ಕೂಗಿದರೆ ಅವನು ಎಳೆಯುತ್ತಾನೆ. ಅವನು ಎಳೆದರೆ ಇವಳು ಎಳೆಯುತ್ತಾಳೆ. ಇಬ್ಬರ ನಡುವೆ ಮಕ್ಕಳು ಕೂತು ಕಣ್ಣು ಮುಚ್ಚಿ ಹಾಡುತ್ತಿದ್ದವು.

"ರತ್ನವ್ವ," ಎಂದೆ, ಅವಳಿಗೆ ಮಾತ್ರ ಕೇಳುವ ಹಾಗೆ. "ಅಂವನ ನೋಡಬ್ಯಾಡ. ನನ್ನ ನೋಡು."

"ಕೈ ತಗೀರಿ ಬಾಯಾರ. ಕೋರ್ಟ್ ಬಿಟ್ಟೈತಿ. ನಾ ಬಿಡಂಗಿಲ್ಲ."

"ಬಿಡಬ್ಯಾಡ. ಮೊದಲ ಉಡಿ ತುಂಬಸ್ಕೋ."

ಅವಳು ನನ್ನನ್ನು ನೋಡಿದ ನೋಟ ಹೇಳಲಾರೆ. ಪಿಸ್ತೂಲು ಸಿಕ್ಕಿಬಿದ್ದಾಗ ಬೆಚ್ಚದವಳು ಈ ಮಾತಿಗೆ ಬೆಚ್ಚಿದಳು.

"ಗಂಡ ಸತ್ತಾಕಿ ಉಡಿ ಯಾರ್ ತುಂಬ್ತಾರ್ರಿ?"

"ನಾ ತುಂಬ್ತೇನಿ. ಬುಟ್ಟ್ಯಾಗ ಸುರುವು."

ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು. ನನ್ನ ಅಂಗೈ ಅವಳ ಬೆರಳಿನ ಮೇಲೆಯೇ ಇತ್ತು. ಮೊದಲು ಒಂದು ಬೆರಳು ಸಡಿಲಾಯಿತು. ಆಮೇಲೆ ಉಳಿದವು. ಅವಳು ಸೆರಗು ಬಿಟ್ಟಳು. ಜೋಳದ ಜೊತೆ ನಾಡಪಿಸ್ತೂಲು ಬುಟ್ಟಿಗೆ ಬಿತ್ತು, ಕಾಳಿನ ಮೇಲೆ ಬಿದ್ದದ್ದರಿಂದ ಸದ್ದೇ ಆಗಲಿಲ್ಲ. ನಾನು ಕಾಳೆಳೆದು ಮುಚ್ಚಿದೆ. ಕಾನ್‌ಸ್ಟೇಬಲ್ ಬುಟ್ಟಿ ಎತ್ತಿಕೊಂಡು ಜೀಪಿನ ಕಡೆ ನಡೆದಳು.

ಆಗ ನನಗೆ ಅರಿವಾಯಿತು, ಬುಟ್ಟಿ ಹೋಯಿತು. ರತ್ನವ್ವ ಸೆರಗು ಚಾಚಿ ನಿಂತಿದ್ದಾಳೆ. ತುಂಬುತ್ತೇನೆ ಎಂದವಳು ನಾನು. ನನ್ನ ಹತ್ತಿರ ಒಂದು ಕಾಳಿಲ್ಲ.

ಬರಿ ಸೆರಗಿನಲ್ಲಿ ಅವಳನ್ನು ಒಂದು ನಿಮಿಷ ನಿಲ್ಲಿಸಿದರೂ ಅವಳು ಒಡೆದುಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ಸಾಲಿನ ಕಡೆ ತಿರುಗಿ, "ತುಂಬ್ರೇ" ಎಂದೆ.

"ಅಕಿಗೆಲ್ಲಿ ಉಡಿ" ಎಂದಿದ್ದ ಮುದುಕಿ ಬಾಗಿಲೊಳಗೆ ಒಂದು ಕಾಲಿಟ್ಟಿದ್ದವಳು ಹೊರಳಿ ಬಂದಳು. ತನ್ನ ಉಡಿಯಿಂದ ಒಂದು ಬೊಗಸೆ ತೆಗೆದು ಹಾಕಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಅವರಲ್ಲಿ ಯಾರಿಗೂ ಪಿಸ್ತೂಲಿನ ವಿಷಯ ಗೊತ್ತಿರಲಿಲ್ಲ. ಸುಗ್ಗಿಯ ದಿನ ಒಬ್ಬಳು ಬರಿ ಉಡಿಯಲ್ಲಿ ನಿಂತಿದ್ದಾಳೆ, ಅವರು ಕಂಡದ್ದು ಅಷ್ಟೇ. ಎಷ್ಟೋ ಕಾಲದ ರೂಢಿಯನ್ನು ಅವರು ಚರ್ಚೆ ಮಾಡದೆ, ಸಭೆ ಕರೆಯದೆ, ಬಾಗಿಲಲ್ಲಿ ನಿಂತ ನಿಲುವಿನಲ್ಲೇ ದಾಟಿಬಿಟ್ಟರು. ನಾನು ಪಕ್ಕಕ್ಕೆ ಸರಿದು ಗೋಡೆ ಹಿಡಿದುಕೊಂಡೆ.

ಸಾಲಿನಲ್ಲಿ ಯೇಸಪ್ಪನ ಹೆಂಡತಿಯೂ ಇದ್ದಳು. ಅವಳ ಸರದಿ ಬಂತು. ಅವಳು ನಿಂತಳು. ಅವಳ ಉಡಿಯಲ್ಲಿದ್ದದ್ದು ಆ ಬದುವಿನ ಹೊಲದ ಜೋಳ. ಅದು ಅವಳಿಗೂ ಗೊತ್ತು, ರತ್ನವ್ವನಿಗೂ ಗೊತ್ತು. ರತ್ನವ್ವ ಸೆರಗನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ. ಎಳೆದುಕೊಳ್ಳಲಿಲ್ಲ. ಮುಂದೆ ಚಾಚಲೂ ಇಲ್ಲ. ಹಾಗೆಯೇ ಹಿಡಿದು ನಿಂತಳು. ಆ ಹೆಣ್ಣುಮಗಳು ಬೊಗಸೆ ತುಂಬಿ ಹಾಕಿದಳು, ಮತ್ತೆ ತುಂಬಿ ಹಾಕಿದಳು, ಐದು ಸಲ. ಕೊನೆಯ ಸಲ ಒಂದಿಷ್ಟು ಕಾಳು ಹೊಸ್ತಿಲ ಮೇಲೆ ಚೆಲ್ಲಿತು.

ರತ್ನವ್ವನ ಉಡಿ ತುಂಬಿ ಜಗ್ಗುತ್ತಿತ್ತು. ತುಂಬಿದ ಉಡಿಗೆ ಎರಡೂ ಕೈ ಬೇಕು. ಅವಳು ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆದಳು. ಯೇಸಪ್ಪನ ಮುಂದೆಯೇ ಹಾದುಹೋದಳು. ಅವನ ಕೈ ಜಾಕೀಟಿನಿಂದ ಹೊರಗೆ ಬಂದಿತ್ತು, ಮುಖದ ಮೇಲಿತ್ತು. ಶಿಲುಬೆಯ ಮುಂದೆ ಅವಳು ಜೋಳ ಸುರಿದಳು. ಯಾರ ಹೊಲದ ಕಾಳು ಯಾವುದೆಂದು ಆಮೇಲೆ ದೇವರೂ ಆರಿಸಲಾರ.

ಆರಾಧನೆ ಮುಗಿಯಿತು. ನಾನು ಅವಳನ್ನು ಕರೆಯಬೇಕಾಗಲಿಲ್ಲ. ತಾನೇ ಬಂದು ಜೀಪಿನ ಹತ್ತಿರ ನಿಂತಳು. "ನಡೀರಿ ಬಾಯಾರ" ಎಂದಳು. ಕೇಸು ದಾಖಲಾಯಿತು, ಮಾಡಲೇಬೇಕಿತ್ತು, ಮಾಡಿದೆ. ಪಿಸ್ತೂಲು ಸಿಕ್ಕ ಮೇಲೆ ಒಳಗೆ ಯಾಕೆ ಬಿಟ್ಟೆ ಎಂದು ಮೇಲಿನ ಸಾಹೇಬರು ಕೂಗಾಡಿದರು. "ಸರ್, ಆಗ ಅಕಿ ಎರಡೂ ಕೈ ತುಂಬಿದ್ವು" ಎಂದೆ. ಅವರು ನಮ್ಮ ಕಡೆಯವರೇ. ಹೋಗು ಎಂದು ಕೈ ಮಾಡಿದರು.

ಮುಂದಿನ ಭಾನುವಾರ ಗಂಡಸರ ಬಾಗಿಲಲ್ಲಿ ಯೇಸಪ್ಪ ದೇವಪ್ಪನ ಮುಂದೆ ನಿಂತು ಎರಡೂ ಕೈ ಮೇಲೆತ್ತಿದನಂತೆ. ದೇವಪ್ಪ ಗಾಬರಿಯಾಗಿ ನನಗೆ ಫೋನ್ ಮಾಡಿದ. "ಬಾಯಾರ, ತಾನ ತಗದ ಕೊಟ್ಟಾನ್ರಿ! ಈಗ ಇದನ್ನ ಎಲ್ಲಿ ಇಡ್ಲಿ?" ಗುಂಡು ತೆಗೆಸಲು ಹೇಳಿದೆ, ಠಾಣೆಯಿಂದ ಜನ ಬರುವವರೆಗೆ ಕಾಯಲು ಹೇಳಿದೆ. ಆಮೇಲೆ ಮುದ್ದೇಬಿಹಾಳದ ಗೋಡೆಯ ವಿಷಯ ಹೇಳಿದೆ. ಮುಂದೆ ಆ ಕಡೆ ಹೋದಾಗ ನೋಡಿದರೆ ಚರ್ಚಿನ ಹೊರಗೋಡೆಗೆ ಕಟ್ಟಿಗೆಯ ಗೂಟಗಳು. ಅಡಕೊತ್ತಿನ ಚೀಲಗಳು ನೇತಾಡುತ್ತಿದ್ದವು.

ಇಬ್ಬರೂ ಒಂದಾದರೇ ಎಂದು ಕೇಳಬೇಡಿ. ಇಲ್ಲ. ರತ್ನವ್ವ ಇಂದಿಗೂ ಅವನ ಜೊತೆ ಮಾತಾಡುವುದಿಲ್ಲ. ಯಾಕೆ ಮಾತಾಡಬೇಕು?

ಜಾಮೀನಿನ ಮೇಲೆ ಹೊರಬಂದ ಮೊದಲ ಭಾನುವಾರ ಅವಳು ಚರ್ಚಿಗೆ ಬಂದಾಗ ಬಾಗಿಲಲ್ಲಿ ನಾನೇ ಇದ್ದೆ. ಸುಗ್ಗಿ ಮುಗಿದಿತ್ತು, ಯಾರ ಹತ್ತಿರವೂ ಕಾಳಿರಲಿಲ್ಲ. ಅವಳು ನನ್ನ ಮುಂದೆ ನಿಂತು ಸೆರಗು ಬಿಚ್ಚಿ ತೋರಿಸಿದಳು. ಬರಿದು. ಮುಚ್ಚಿಕೊಂಡು ಹೋಗುವಳೆಂದುಕೊಂಡರೆ ಹೋಗಲಿಲ್ಲ.

"ತುಂಬ್ರಿ" ಎಂದಳು.

ನಾನು ಕಕ್ಕಾಬಿಕ್ಕಿಯಾದೆ. ಪಕ್ಕದ ಮನೆಗೆ ಓಡಿ ಒಂದು ಬೊಗಸೆ ಜೋಳ ಇಸಿದುಕೊಂಡು ಬಂದು ತುಂಬಿದೆ. ಅಂದಿನಿಂದ ಬಂದೋಬಸ್ತಿಗೆ ಹೋಗುವಾಗ ನನ್ನ ಅಂಗಿಯ ಎಡಗಿಸೆಯಲ್ಲಿ, ಸೀಟಿಯ ಪಕ್ಕದಲ್ಲಿ, ಒಂದು ಹಿಡಿ ಜೋಳ ಇದ್ದೇ ಇರುತ್ತಿತ್ತು. ಕಾಲ ಬದಲಾಯಿತು. ಬಾಗಿಲಿಗೆ ಚೌಕಟ್ಟಿನ ಯಂತ್ರ ಬಂತು, ಕ್ಯಾಮೆರಾ ಬಂತು. ಯಂತ್ರ ಕೂಗಿದರೆ ನೋಡಬೇಕು, ಕೂಗದಿದ್ದರೆ ಬಿಡಬೇಕು. ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೆ ಯಂತ್ರಕ್ಕೆ ಕಬ್ಬಿಣ ಗೊತ್ತಾಗುತ್ತದೆ, ಬರಿ ಉಡಿ ಗೊತ್ತಾಗುವುದಿಲ್ಲ.

ನಿವೃತ್ತಿಯ ದಿನ ಸರ್ಕಾರಿ ಸಾಮಾನು ಒಪ್ಪಿಸಲು ಹೋದೆ. ಉಗ್ರಾಣದ ಜಮಾದಾರ ಬೆಲ್ಟು, ಟೋಪಿ, ಲಾಠಿ, ಸೀಟಿ ಒಂದೊಂದಾಗಿ ತೆಗೆದಿಟ್ಟುಕೊಂಡ. ಸೀಟಿ ಎಳೆದಾಗ ಅದರ ಹಿಂದೆ ಜೋಳ ಟೇಬಲ್ಲಿನ ಮೇಲೆಲ್ಲ ಉರುಳಿತು.

"ಇದೇನ್ರಿ ಬಾಯಾರ? ಇದೂ ಇಲಾಖೆದ್ದೇನು?"

"ಇದು ನಂದು" ಎಂದೆ. ಒಂದೊಂದೇ ಕಾಳು ಆರಿಸಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದೆ. ಉಳಿದದ್ದೆಲ್ಲ ಒಪ್ಪಿಸಿದ್ದೇನೆ.